ಬಲೆಯ ಆಚೆ, ಬಲೆಯ ಈಚೆ

ಬ್ರಹ್ಮಾವರದ ಸುತ್ತಿನ ಊರುಗಳಲ್ಲಿ ಬಲೆಯೆಂಬ ಪದಕ್ಕೆ ಅರ್ಥ ಹೇಳಬೇಕಾಗಿಲ್ಲ. ಒಂದು ಮಗ್ಗುಲಿಗೆ ಸೀತಾನದಿ, ಇನ್ನೊಂದು ಮಗ್ಗುಲಿಗೆ ಸ್ವರ್ಣಾನದಿ, ಪಡುವಣಕ್ಕೆ ಕಡಲು. ಹೀಗೆ ಮೂರು ಕಡೆ ನೀರಿರುವ ಸೀಮೆಯಲ್ಲಿ ಹುಟ್ಟಿದ ಮಗು ನಡೆಯಲು ಕಲಿಯುವ ಮೊದಲೇ ಬಲೆಯನ್ನು ಕಂಡಿರುತ್ತದೆ. ಹೊಳೆಯಲ್ಲಿ ನಿಂತು ಬೀಸುವ ಬಲೆ, ಕಡಲ ದಂಡೆಯಲ್ಲಿ ಹತ್ತಾರು ಮಂದಿ ಕೂಡಿ ಎಳೆಯುವ ರಂಪಣಿ ಬಲೆ, ಬಿಸಿಲಿಗೆ ಹರವಿದ ಬಲೆ, ತೆಂಗಿನ ನೆರಳಲ್ಲಿ ಕುಳಿತು ಹರಕು ಸರಿಪಡಿಸುವ ಬಲೆ. ಇವೆಲ್ಲಕ್ಕೂ ಉದ್ದೇಶ ಒಂದೇ. ಏನಾದರೊಂದು ಅದರೊಳಗೆ ಸಿಕ್ಕಬೇಕು. ಸಿಕ್ಕದಿದ್ದರೆ ಅಂದಿನ ಒಲೆ ಉರಿಯದು.

ಇಂಥ ಕರಾವಳಿಗೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹಡಗು ಏರಿ ಮತ್ತೊಂದು ಬಗೆಯ ಬಲೆ ಬಂದಿತು. ಅದನ್ನು ನೀರಿಗೆ ಇಳಿಸುವುದಿಲ್ಲ. ಒಣನೆಲದ ಮೇಲೆ ಎರಡು ಕಂಬಗಳ ನಡುವೆ ಬಿಗಿಯುತ್ತಾರೆ. ಅದರಲ್ಲಿ ಏನೂ ಸಿಕ್ಕಬಾರದು; ಚೆಂಡು ಸಿಕ್ಕಿತೆಂದರೆ ಸೋಲು. ಅದರ ಎರಡು ಬದಿಯಲ್ಲಿ ಬಿಳಿಯ ಉಡುಪಿನ ದೊರೆಗಳು ನಿಂತು, ಒಬ್ಬರು ಹೊಡೆದ ಚೆಂಡನ್ನು ಇನ್ನೊಬ್ಬರು ಮರಳಿ ಕಳಿಸುತ್ತಾರೆ. ಬೇಡದ ವಸ್ತುವೆಂದ ಮೇಲೆ ಅದನ್ನು ಅಷ್ಟೊಂದು ಬೆವರು ಸುರಿಸಿ ಹಿಂದಿರುಗಿಸುವುದೇಕೆ, ಬೇಕಾದುದೆಂದ ಮೇಲೆ ಹಿಡಿದು ಇಟ್ಟುಕೊಳ್ಳಬಾರದೇಕೆ ಎಂದು ಬೇಲಿಯ ಹೊರಗೆ ನಿಂತು ನೋಡಿದವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆ ಆಟಕ್ಕೆ ಟೆನಿಸ್ ಎಂದು ಹೆಸರು.

ಟೆನಿಸಿನ ಹುಟ್ಟು ತೀರ ಹಳೆಯದೆಂದು ಭಾವಿಸುವವರುಂಟು. ಗೋಡೆಗಳ ನಡುವೆ ಆಡುತ್ತಿದ್ದ ಅದರ ಪೂರ್ವಜ ಹಳೆಯದೇ ಹೌದು. ಫ್ರಾನ್ಸಿನ, ಇಂಗ್ಲೆಂಡಿನ ಅರಸರು ಅದನ್ನು ಆಡಿದ್ದಾರೆ. ಆದರೆ ಬಯಲಿನ ಹುಲ್ಲಿನ ಮೇಲೆ ಆಡುವ ಟೆನಿಸ್ ಯಂತ್ರಯುಗದ ಶಿಶು. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬವನು ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟು ಪಡೆಯದೆ ಹೋಗಿದ್ದರೆ ನೆಲ ಅಷ್ಟು ನುಣುಪಾಗುತ್ತಿರಲಿಲ್ಲ. 1844ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಗೊಳಿಸುವ ಕ್ರಮಕ್ಕೆ ಪೇಟೆಂಟು ಪಡೆಯದೆ ಹೋಗಿದ್ದರೆ ಹುಲ್ಲಿನ ಮೇಲೆ ಪುಟಿಯುವ ಚೆಂಡು ಸಿಕ್ಕುತ್ತಿರಲಿಲ್ಲ. ಇವೆರಡೂ ಒದಗಿದ ಮೇಲೆ, 1874ರಲ್ಲಿ ಮೇಜರ್ ವಾಲ್ಟರ್ ಕ್ಲಾಪ್ಟನ್ ವಿಂಗ್‌ಫೀಲ್ಡ್ ಎಂಬ ಸೇನಾಧಿಕಾರಿ ಈ ಆಟಕ್ಕೆ ಪೇಟೆಂಟು ಮಾಡಿಸಿದನು. ಭಾರತದಲ್ಲಿಯೂ ಚೀನದಲ್ಲಿಯೂ ಸೇವೆ ಸಲ್ಲಿಸಿ ಹಿಂದಿರುಗಿದ್ದ ಆತ ತನ್ನ ಆಟಕ್ಕೆ ಉಚ್ಚರಿಸಲು ಬಾರದ ಒಂದು ಗ್ರೀಕ್ ಹೆಸರನ್ನೂ ಇಟ್ಟಿದ್ದನು. ಹೆಸರು ಉಳಿಯಲಿಲ್ಲ, ಆಟ ಉಳಿಯಿತು.

ವಿಂಗ್‌ಫೀಲ್ಡನ ಜಾಣತನ ಆಟದಲ್ಲಿದ್ದುದಕ್ಕಿಂತ ಪೆಟ್ಟಿಗೆಯಲ್ಲಿತ್ತು. ಬಲೆ, ಕಂಬಗಳು, ಬ್ಯಾಟುಗಳು, ಚೆಂಡುಗಳು, ನಿಯಮಗಳ ಚಿಕ್ಕ ಪುಸ್ತಕ, ಎಲ್ಲವನ್ನೂ ಒಂದು ಮರದ ಪೆಟ್ಟಿಗೆಯಲ್ಲಿ ಜೋಡಿಸಿ ಐದು ಗಿನಿಗಳಿಗೆ ಮಾರಿದನು. ಪೆಟ್ಟಿಗೆಗೆ ಹಡಗು ಹತ್ತುವುದು ಸುಲಭ. ಮೂರು ವರ್ಷಗಳೊಳಗೆ, 1877ರಲ್ಲಿ, ವಿಂಬಲ್ಡನ್ನಿನಲ್ಲಿ ಮೊದಲ ಪಂದ್ಯಾವಳಿ ನಡೆಯಿತು. 1885ರಲ್ಲಿ ಲಾಹೋರಿನಲ್ಲಿ ಪಂಜಾಬಿನ ಪಂದ್ಯಾವಳಿ, 1887ರಲ್ಲಿ ಕಲ್ಕತ್ತೆಯಲ್ಲಿ ಬಂಗಾಳದ ಪಂದ್ಯಾವಳಿ, 1910ರಲ್ಲಿ ಅಲಹಾಬಾದಿನಲ್ಲಿ ಅಖಿಲ ಭಾರತ ಪಂದ್ಯಾವಳಿ. ರೈಲೂ ತಂತಿಯೂ ಹರಡಿದ ದಾರಿಯಲ್ಲೇ ಆಟವೂ ಹರಡಿತು.

ಇಷ್ಟು ಬೇಗ ಹರಡಿದ್ದಕ್ಕೆ ಒಂದು ಸರಳ ಕಾರಣವಿತ್ತು. ಕ್ರಿಕೆಟಿಗೆ ಇಪ್ಪತ್ತೆರಡು ಮಂದಿ ಬೇಕು. ಒಂದು ಜಿಲ್ಲೆಯ ಮುಖ್ಯ ಪಟ್ಟಣದಲ್ಲಿ ಆಗ ಇರುತ್ತಿದ್ದ ಆಂಗ್ಲರಾದರೂ ಎಷ್ಟು ಮಂದಿ? ಕಲೆಕ್ಟರು, ನ್ಯಾಯಾಧೀಶರು, ಪೊಲೀಸು ಅಧಿಕಾರಿ, ವೈದ್ಯರು, ಇಂಜಿನಿಯರು. ಅವರಲ್ಲಿ ಒಂದಿಬ್ಬರು ಸದಾ ಸರ್ಕೀಟಿನ ಮೇಲೆ. ಉಳಿದ ಇಬ್ಬರೋ ನಾಲ್ವರೋ ಆಡಿ ಮುಗಿಸಬಹುದಾದ ಆಟವೆಂದರೆ ಟೆನಿಸ್. ಕಚೇರಿ ಮುಗಿದ ಮೇಲೆ, ಕತ್ತಲಾಗುವ ಮುನ್ನ, ಒಂದು ಗಂಟೆ ಸಾಕು. ಹೆಂಗಸರೂ ಆಡಬಹುದು, ಆಡದವರು ಕುರ್ಚಿಯಲ್ಲಿ ಕುಳಿತು ಚಹ ಕುಡಿಯಬಹುದು. ಊರಿನಿಂದ ಸಾವಿರಾರು ಮೈಲಿ ದೂರ ಬಂದು, ಪರಿಚಯವಿಲ್ಲದ ಭಾಷೆಯ ಜನರ ನಡುವೆ ಅರ್ಜಿ ಓದಿ ಓದಿ ಬೇಸತ್ತ ಮನುಷ್ಯನಿಗೆ ಆ ಒಂದು ಗಂಟೆ ತನ್ನ ದೇಶವೇ ತನ್ನೆದುರು ಬಂದು ನಿಂತಂತೆ. ಆ ಮಟ್ಟಿಗೆ ಅವನ ಬಗೆಗೂ ಮರುಕಪಡಬಹುದು.

ಬ್ರಹ್ಮಾವರವು ಅಂದು ದಕ್ಷಿಣ ಕನ್ನಡ ಜಿಲ್ಲೆಯೊಳಗಿತ್ತು. 1799ರಲ್ಲಿ ಟಿಪ್ಪುಸುಲ್ತಾನನ ಪತನದೊಡನೆ ಕಂಪನಿಯ ಕೈಸೇರಿದ ಕನ್ನಡ ಕರಾವಳಿಯಲ್ಲಿ ಉತ್ತರದ ಭಾಗವು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಹೋಯಿತು; ದಕ್ಷಿಣದ ಭಾಗವು ಮದರಾಸಿನೊಡನೆ ಉಳಿದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. ಹೀಗಾಗಿ ಇಲ್ಲಿನ ಅಧಿಕಾರಿಗಳು ಮದರಾಸಿನಿಂದ ಬರುತ್ತಿದ್ದರು. ಅಧಿಕಾರಿಗಳೊಡನೆ ಅವರ ರೂಢಿಗಳೂ ಬರುತ್ತಿದ್ದವು. ಕಲೆಕ್ಟರರ ವಾಸ ಮಂಗಳೂರಿನಲ್ಲಿ. ಹಳ್ಳಿಗಳಿಗೆ ಈ ಆಟ ಮೊದಲು ತಲಪಿದ್ದು ಸುದ್ದಿಯಾಗಿ. ಕಂದಾಯದ ಕೆಲಸಕ್ಕೋ ವ್ಯಾಜ್ಯಕ್ಕೋ ಪಟ್ಟಣಕ್ಕೆ ಹೋದವರು ಸಂಜೆಯ ಹೊತ್ತು ಬೇಲಿಯ ಸಂದಿಯಿಂದ ಕಂಡುದನ್ನು ಊರಿಗೆ ಬಂದು ವರ್ಣಿಸುತ್ತಿದ್ದರು. ಹಾರಾಡಿ, ಮಟಪಾಡಿಗಳಂಥ ಯಕ್ಷಗಾನದ ಮನೆತನಗಳ ನೆರೆಯಲ್ಲಿ ಬೆಳೆದವರಿಗೆ ವರ್ಣನೆಯಲ್ಲಿ ಬಡತನವಿರಲಿಲ್ಲ.

ಆಡುವವರ ಸಂಖ್ಯೆ ಕಡಮೆಯಾದಾಗ ಬೇಲಿಯ ಬಾಗಿಲು ಸ್ವಲ್ಪ ತೆರೆಯುತ್ತಿತ್ತು. ಮೂವರು ದೊರೆಗಳಿದ್ದು ನಾಲ್ಕನೆಯವರು ಬೇಕಾದರೆ, ಇಂಗ್ಲಿಷು ಬಲ್ಲ, ಬೂಟು ಹಾಕಿದ ಒಬ್ಬ ಡೆಪ್ಯುಟಿ ಕಲೆಕ್ಟರರಿಗೋ ಮುನ್ಸೀಫರಿಗೋ ಕರೆ ಬರುತ್ತಿತ್ತು. ಆ ಕರೆ ಬಂದ ದಿನ ಅವರ ಮನೆಯಲ್ಲಿ ಹಬ್ಬವೇ ಇದ್ದೀತು. ಆದರೆ ಅಂಕಣಕ್ಕೆ ಇಳಿದ ಮೇಲಿನ ಧರ್ಮಸಂಕಟವನ್ನು ಬಲ್ಲವರೇ ಬಲ್ಲರು. ಗೆದ್ದರೆ ಮೇಲಧಿಕಾರಿಯ ಮುಖ ಸಣ್ಣದಾಗುತ್ತದೆ. ಬೇಕೆಂದೇ ಸೋತರೆ ಮರುದಿನ ಆಟಕ್ಕೆ ಕರೆಯುವುದಿಲ್ಲ. ಹೋರಾಡಿ, ಬೆವರಿ, ಕೊನೆಯ ಗಳಿಗೆಯಲ್ಲಿ ಕೂದಲೆಳೆಯಷ್ಟರಲ್ಲಿ ಸೋಲಬೇಕು. ಸರಕಾರಿ ಸೇವೆಯ ಅನೇಕ ಸೂಕ್ಷ್ಮಗಳು ಈ ಒಂದು ಆಟದಲ್ಲಿ ಅಡಗಿದ್ದವು. ಅದರ ಎಣಿಕೆಯೂ ವಿಚಿತ್ರ. ಒಂದು, ಎರಡು, ಮೂರು ಎಂದು ಎಣಿಸದೆ ಹದಿನೈದು, ಮೂವತ್ತು, ನಲವತ್ತು ಎಂದು ಏರುತ್ತದೆ. ಏನೂ ಗಳಿಸದವನ ಅಂಕಕ್ಕೆ ‘ಲವ್’ ಎನ್ನುತ್ತಾರೆ. ದೊರೆಗಳ ಪ್ರೀತಿಗೆ ಸೊನ್ನೆಯೇ ಬೆಲೆಯೆಂದು ಇದಕ್ಕೊಂದು ವ್ಯಾಖ್ಯಾನ ಬರೆಯಲು ಕರಾವಳಿಯ ಅರ್ಥಧಾರಿಗಳಿಗೆ ಹೆಚ್ಚು ಹೊತ್ತು ಬೇಕಾಗದು.

ಕರೆದಾಗ ಮಾತ್ರ ಹೋಗುವ ಸ್ಥಿತಿ ಮಾನವಂತರಿಗೆ ಬಹುಕಾಲ ಹಿಡಿಸದು. 1873ರಲ್ಲೇ ಮದರಾಸಿನಲ್ಲಿ ಭಾರತೀಯರು ಸೇರಬಹುದಾದ ಕಾಸ್ಮೊಪಾಲಿಟನ್ ಕ್ಲಬ್ಬು ಹುಟ್ಟಿತ್ತು. ಬೆಂಗಳೂರಿನ ದಂಡುಪ್ರದೇಶದಲ್ಲಿ 1868ರಿಂದ ಸೇನಾಧಿಕಾರಿಗಳ ಯುನೈಟೆಡ್ ಸರ್ವಿಸಸ್ ಕ್ಲಬ್ಬು ಇತ್ತು, ಅದು ಆಂಗ್ಲರದು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1917ರಲ್ಲಿ, ಅವರ ಮುಂದಾಳುತನದಲ್ಲಿ ಸೆಂಚುರಿ ಕ್ಲಬ್ಬು ಸ್ಥಾಪನೆಯಾಯಿತು. ದೇಶದವನು ಯಾರ ಅನುಗ್ರಹವನ್ನೂ ಬೇಡದೆ ಬಾಗಿಲೊಳಗೆ ಕಾಲಿಡಬಹುದಾದ ಮನೆ ಅದು. ಮುಂದೆ ವಕೀಲರೂ ಅಧಿಕಾರಿಗಳೂ ಕೂಡಿ ಹಲವು ಊರುಗಳಲ್ಲಿ ಇಂಥ ಕೂಟಗಳನ್ನು ಕಟ್ಟಿಕೊಂಡರು. ಅಭಿಮಾನಪಡಬೇಕಾದ ಕೆಲಸವೇ ಸರಿ. ಆದರೆ ಒಂದು ಬೇಲಿಯನ್ನು ದಾಟಿದವರು ತಮ್ಮ ಹಿಂದೆ ಇನ್ನೊಂದು ಬೇಲಿಯನ್ನು ಹಾಕಿಕೊಂಡಿದ್ದರೆಂಬುದನ್ನೂ ಮರೆಯಬಾರದು.

ಆ ಎರಡನೆಯ ಬೇಲಿಯ ಕತೆ ಹೇಳಬೇಕಾದರೆ ಅಂಕಣದ ಅಂಚಿನಲ್ಲಿ ನಿಂತವರನ್ನು ನೋಡಬೇಕು. ಚೆಂಡು ಹೊರಕ್ಕೆ ಹೋದಾಗಲೆಲ್ಲ ಓಡಿ ಹೆಕ್ಕಿ ತರುವ ಹುಡುಗರು ಅಲ್ಲಿದ್ದರು. ಅವರಿಗೆ ದಿನದ ಕೊನೆಗೆ ಚಿಲ್ಲರೆ ಕಾಸು. ಅವರಲ್ಲಿ ಚುರುಕಾದವನು ದೊಡ್ಡವನಾಗಿ ‘ಮಾರ್ಕರ್’ ಆಗುತ್ತಿದ್ದನು. ನೆಲ ಸರಿಮಾಡುವುದು, ಸುಣ್ಣದ ಗೆರೆ ಎಳೆಯುವುದು, ಬ್ಯಾಟಿಗೆ ತಂತಿ ಬಿಗಿಯುವುದು, ಅಂಕ ಎಣಿಸುವುದು ಅವನ ಕೆಲಸ. ಜೊತೆಗಾರರು ಬಾರದ ದಿನ ಸದಸ್ಯರೊಡನೆ ಆಡಿ ಅವರಿಗೆ ಅಭ್ಯಾಸ ಮಾಡಿಸುವುದೂ ಅವನೇ. ಕ್ಲಬ್ಬಿನಲ್ಲಿ ಆಟವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಅನೇಕ ವೇಳೆ ಅವನೇ. ಆದರೂ ಆಟಗಾರರ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಆಟ ಮುಗಿದ ಮೇಲೆ ಹಾಕುವ ಕುರ್ಚಿಗಳಲ್ಲಿ ಅವನದೊಂದು ಕುರ್ಚಿಯಿಲ್ಲ. ದೊರೆಗಳ ಕಾಲದಲ್ಲೂ ಹೀಗೆ, ಅವರು ಹೋದ ಮೇಲೂ ಬಹುಕಾಲ ಹೀಗೆ.

ಹೆಂಗಸರ ಮಾತು ಇದಕ್ಕಿಂತ ಭಿನ್ನವಾದುದಲ್ಲ. ವಿಂಬಲ್ಡನ್ನಿನಲ್ಲಿ ಸ್ತ್ರೀಯರ ಪಂದ್ಯ 1884ರಲ್ಲೇ ಆರಂಭವಾಯಿತು. ಭಾರತದ ಮನೆಗಳಲ್ಲಿ ಸೊಸೆಯಾದವಳು ಅಂಗಳದಲ್ಲಿ ಓಡುವುದೆಂದರೆ ಕರು ಕಟ್ಟು ಬಿಚ್ಚಿಕೊಂಡಾಗ ಮಾತ್ರ. ಆದರೂ ಇದೇ ಪಡುವಣ ಕರಾವಳಿಯ ಮುಂಬಯಿಯಲ್ಲಿ ಪಂಡಿತಾ ಕ್ಷಮಾರಾವ್ ಎಂಬ ವಿದುಷಿ ಇದ್ದರು. ಸಂಸ್ಕೃತದಲ್ಲಿ ಕಾವ್ಯ ಬರೆದವರು. ಗಾಂಧೀಜಿಯವರ ಹೋರಾಟವನ್ನು ಕುರಿತ ಅವರ ‘ಸತ್ಯಾಗ್ರಹಗೀತಾ’ 1932ರಲ್ಲಿ ಪ್ರಕಟವಾಯಿತು. ಅವರೇ ಹೆಸರಾಂತ ಟೆನಿಸ್ ಆಟಗಾರ್ತಿಯೂ ಆಗಿದ್ದರೆಂದರೆ ಕಾವ್ಯಮೀಮಾಂಸಕರು ಹುಬ್ಬೇರಿಸಿಯಾರು. ಅವರ ಮಗಳು ಲೀಲಾ ರಾವ್ 1934ರಲ್ಲಿ ವಿಂಬಲ್ಡನ್ನಿನಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ತಾಯಿಯ ಕೈಯಲ್ಲಿ ಲೇಖನಿಯೂ ಬ್ಯಾಟೂ ಒಟ್ಟಿಗೆ ಇದ್ದ ಮನೆಯಲ್ಲಿ ಇದು ಸಾಧ್ಯವಾಯಿತು. ಅಂಥ ಮನೆಗಳು ಎಷ್ಟಿದ್ದವೆಂಬುದು ಬೇರೆ ಮಾತು.

ಇನ್ನು ಕರಾವಳಿಯ ನೆಲದ ವಿಚಾರ. ಟೆನಿಸಿನ ಪೂರ್ಣನಾಮದಲ್ಲಿ ‘ಲಾನ್’ ಎಂಬ ಮಾತಿದೆ, ಹುಲ್ಲುಹಾಸು ಎಂದರ್ಥ. ಉಡುಪಿಯ ಸೀಮೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಹುಲ್ಲಿಗೇನೂ ಕೊರತೆಯಿಲ್ಲ. ಆದರೆ ಅದರ ಮೇಲೆ ನಿಲ್ಲುವಂತಿಲ್ಲ. ಮಳೆ ನಿಂತು ಬಿಸಿಲು ಬಲಿತ ಮೇಲೆ ನಿಲ್ಲಬಹುದು. ಆದರೆ ಆಗ ಹುಲ್ಲಿರುವುದಿಲ್ಲ, ಕೆಳಗಿನ ಮುರಕಲ್ಲು ತಲೆಯೆತ್ತುತ್ತದೆ. ಇಂಗ್ಲೆಂಡಿನ ಹುಲ್ಲುಹಾಸು ಇಲ್ಲಿ ಬೇರೂರದೆ ಹೋದದ್ದಕ್ಕೆ ಯಾರ ದೇಶಭಕ್ತಿಯೂ ಕಾರಣವಲ್ಲ, ಮಳೆಗಾಲವೇ ಕಾರಣ.

ಆದುದರಿಂದ ದಕ್ಷಿಣ ಭಾರತದಲ್ಲಿ ಟೆನಿಸ್ ಮಣ್ಣಿಗೆ ಇಳಿಯಿತು. ಮಣ್ಣು ಹರಡಿ, ನೀರು ಚಿಮುಕಿಸಿ, ಉರುಳುಗಲ್ಲು ಹಾಯಿಸಿ, ಮೇಲೆ ಸಗಣಿ ಸಾರಿಸಿದ ಅಂಕಣಗಳು ಅನೇಕ ಊರುಗಳಲ್ಲಿದ್ದವು. ಪರದೇಶದವರಿಗೆ ಇದು ಸೋಜಿಗ. ಬ್ರಹ್ಮಾವರದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಮಳೆಗಾಲ ಕಳೆದೊಡನೆ ಪ್ರತಿಯೊಂದು ಮನೆಯಲ್ಲೂ ಅಂಗಳ ಮಾಡುವ ಕೆಲಸ ತೊಡಗುತ್ತಿತ್ತು. ಕೆತ್ತಿ, ಮಣ್ಣು ಹಾಕಿ, ಹಲಗೆಯಿಂದ ಬಡಿದು ಮಟ್ಟಮಾಡಿ, ಸಗಣಿ ಸಾರಿಸಿದರೆ ಅಂಗಳ ಕನ್ನಡಿಯಂತೆ. ಅಲ್ಲಿ ಭತ್ತ ಬಡಿಯಬೇಕು, ಅಡಕೆ ಒಣಗಿಸಬೇಕು, ಮದುವೆಯ ಚಪ್ಪರ ಹಾಕಬೇಕು. ಕೊಯ್ಲಾದ ಗದ್ದೆಯಲ್ಲಿ ಯಕ್ಷಗಾನದ ರಂಗಸ್ಥಳ ಏಳಬೇಕು. ಒಂದೇ ನೆಲ ದುಡಿಮೆಗೂ ಹೌದು, ಆಟಕ್ಕೂ ಹೌದು. ಆಟಕ್ಕೆಂದೇ ವರ್ಷವಿಡೀ ನೆಲವನ್ನು ಮೀಸಲಿಟ್ಟು ಸುತ್ತಲೂ ಬೇಲಿ ಹಾಕುವುದು ಈ ಸೀಮೆಯ ಒಕ್ಕಲಿಗನಿಗೆ ತೋಚದ ಮಾತು.

ಅಂತೆಯೇ ಇಲ್ಲಿ ಊರೂರಿಗೆ ಹರಡಿದ್ದು ಟೆನಿಸಿಗಿಂತ ಹೆಚ್ಚಾಗಿ ಅದರ ಬಡ ಬಂಧುಗಳು. ಒಂದು, ತಂಜಾವೂರಿನಲ್ಲಿ ಹುಟ್ಟಿತೆನ್ನಲಾದ ಬಾಲ್ ಬ್ಯಾಡ್ಮಿಂಟನ್. ಉಣ್ಣೆಯ ಹಳದಿ ಚೆಂಡು, ಬದಿಗೆ ಐವರಂತೆ ಆಟಗಾರರು, ಬಯಲೇ ಅಂಕಣ. ಒಂದು ಬಲೆಗೆ ಹತ್ತು ಮಂದಿ ಸೇರುವುದರಿಂದ ಶಾಲೆ ಕಾಲೇಜುಗಳಿಗೆ ಇದು ಹಿಡಿಸಿತು. ಗಾಳಿಗೂ ಇದು ಅಷ್ಟಾಗಿ ಅಂಜದು. ಇನ್ನೊಂದು, ಗರಿಯ ಚೆಂಡಿನ ಬ್ಯಾಡ್ಮಿಂಟನ್. ಇದಕ್ಕೆ ಇಂಗ್ಲೆಂಡಿನ ಒಬ್ಬ ಡ್ಯೂಕನ ಮನೆಯ ಹೆಸರಿದ್ದರೂ ಬೆಳೆದದ್ದು ಪುಣೆಯ ದಂಡಿನಲ್ಲಿ. ಅಲ್ಲಿನ ಸೇನಾಧಿಕಾರಿಗಳು 1870ರ ದಶಕದಲ್ಲಿ ಇದನ್ನು ಆಡುತ್ತಿದ್ದರು. ಕೆಲಕಾಲ ಇದನ್ನು ‘ಪೂನಾ’ ಎಂದೇ ಕರೆದದ್ದುಂಟು. ಅವರು ತಾಯ್ನಾಡಿಗೆ ಮರಳಿದಾಗ ಆಟವೂ ಜೊತೆಗೆ ಹೋಯಿತು; 1899ರಲ್ಲಿ ಆಲ್ ಇಂಗ್ಲೆಂಡ್ ಪಂದ್ಯಾವಳಿ ಪ್ರಾರಂಭವಾಯಿತು. ಟೆನಿಸ್ ಇಂಗ್ಲೆಂಡಿನಿಂದ ಭಾರತಕ್ಕೆ ಬಂದರೆ, ಬ್ಯಾಡ್ಮಿಂಟನ್ ಭಾರತದಿಂದ ಇಂಗ್ಲೆಂಡಿಗೆ ಹೋಗಿ ದೊರೆಯಾಗಿ ಹಿಂದಿರುಗಿತು.

ಗರಿಯ ಚೆಂಡಿಗೆ ಹದಿನಾರು ಗರಿಗಳು, ತೂಕ ಐದು ಗ್ರಾಮಿನ ಆಸುಪಾಸು. ಕಡಲಗಾಳಿಯ ಮುಂದೆ ಅದು ಅಡಕೆಯ ಸಿಪ್ಪೆಗಿಂತ ಹಗುರ. ಆದರೂ ಗಾಳಿ ಬೀಳುವ ಮುಂಜಾನೆಯಲ್ಲಿ, ಮರೆಯಿರುವ ಅಂಗಳದಲ್ಲಿ, ಅದನ್ನು ಆಡಬಹುದು. ಉರುಳುಗಲ್ಲು ಬೇಡ, ಹುಲ್ಲು ಬೇಡ, ಚೆಂಡು ನೆಲಕ್ಕೆ ಬೀಳಬಾರದೆಂಬುದೇ ನಿಯಮವಾದುದರಿಂದ ನೆಲ ಹೇಗಿದ್ದರೂ ಸರಿ.

1980ರ ಮಾರ್ಚಿನಲ್ಲಿ ಈ ಆಟ ಕರಾವಳಿಯ ಮನೆಮನೆಯ ಮಾತಾಯಿತು. ಪಡುಕೋಣೆಯೆಂಬ ಹೆಸರು ಹೊತ್ತ ತರುಣನೊಬ್ಬ ಲಂಡನ್ನಿನಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಗೆದ್ದನೆಂದು ಪತ್ರಿಕೆಗಳು ಸಾರಿದವು. ಪಡುಕೋಣೆ ಎಲ್ಲಿಯೋ ಇರುವ ಊರಲ್ಲ. ಕುಂದಾಪುರ ದಾಟಿ ಮರವಂತೆಯ ಬಳಿ, ಸೌಪರ್ಣಿಕಾ ತೀರದಲ್ಲಿ ಇರುವ ಊರು. ಮಾವನ ಮನೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಕೈ ತೋರಿಸಬಹುದಾದಷ್ಟು ಹತ್ತಿರದ ಹೆಸರು. ಸುದ್ದಿ ಬಂದ ಮರುದಿನದಿಂದ ಹುಡುಗರೆಲ್ಲರಿಗೂ ಬ್ಯಾಟು ಬೇಕಾಯಿತು.

ಬ್ರಹ್ಮಾವರದ ಬಳಿಯ ಒಂದು ಮನೆಯಲ್ಲಿ ಹತ್ತು ವರ್ಷದ ಹುಡುಗನೊಬ್ಬ ಬ್ಯಾಟಿಗಾಗಿ ಹಟ ಹಿಡಿದು, ಕೊಡಿಸುವವರಿಲ್ಲದೆ, ಹಟ್ಟಿಯ ಅಟ್ಟವನ್ನೇರಿದನು. ಅಲ್ಲಿ ಬೈಹುಲ್ಲಿನ ಹಿಂದೆ ಅವನಿಗೊಂದು ವಿಚಿತ್ರ ವಸ್ತು ಸಿಕ್ಕಿತು. ಬ್ಯಾಟಿನಂತೆಯೇ ಇದೆ, ಆದರೆ ಭಾರ. ಅದನ್ನು ಮರದ ಚೌಕಟ್ಟಿನೊಳಗೆ ಇರಿಸಿ ನಾಲ್ಕು ಮೂಲೆಗೆ ತಿರುಪು ಬಿಗಿಯಲಾಗಿದೆ. ಮಳೆಗಾಲದ ಶೀತಕ್ಕೆ ಮರ ಸೊಟ್ಟಗಾಗದಿರಲೆಂದು ಮಾಡಿದ ಏರ್ಪಾಡು ಅದು. ತಂತಿಗಳು ಕಡಿದು ಜೋಲುತ್ತಿದ್ದವು. ಹುಡುಗ ಅದನ್ನು ಹೊತ್ತು ಜಗಲಿಗೆ ಬಂದನು.

“ಅಜ್ಜಯ್ಯ, ಇದ್ ಎಂತ?”

“ಟೆನಿಸ್ ಬ್ಯಾಟ್, ಮಾಣಿ. ಮೆಲ್ಲ ಹಿಡ್ಕೊ.”

“ನೀವ್ ಆಡ್ತಿದ್ರಾ?”

ಅಜ್ಜಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಲ್ಲ ಮಾಣಿ. ಚೆಂಡ್ ಹೆಕ್ಕಿ ಕೊಡ್ತಿದ್ದೆ” ಎಂದರು.

ಅವರು ಹನ್ನೆರಡರ ಹುಡುಗರಾಗಿದ್ದಾಗ ಓದಿಗೆಂದು ಒಂದು ಪಟ್ಟಣದಲ್ಲಿ ಬಂಧುಗಳ ಮನೆಯಲ್ಲಿದ್ದರು. ಸ್ವಾತಂತ್ರ್ಯಕ್ಕೆ ಎಂಟೊಂಬತ್ತು ವರ್ಷ ಮೊದಲಿನ ಮಾತು. ಪುಸ್ತಕಕ್ಕೆ ಕಾಸು ಒದಗಲೆಂದು ಸಂಜೆ ಕ್ಲಬ್ಬಿನಲ್ಲಿ ಚೆಂಡು ಹೆಕ್ಕುತ್ತಿದ್ದರು. ಎರಡು ವರ್ಷ ಹೆಕ್ಕಿದರು. ಯಾರ ಕೈ ಯಾವಾಗ ತಿರುಗುತ್ತದೆ, ಚೆಂಡು ಎಲ್ಲಿ ಪುಟಿದು ಎತ್ತ ಹೊರಳುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ಆದರೆ ಆ ಎರಡು ವರ್ಷಗಳಲ್ಲಿ ಒಂದು ದಿನವೂ, ಎಲ್ಲರೂ ಹೋದ ಮೇಲೆ ಕೂಡ, ಬಲೆಯ ಮುಂದೆ ಬ್ಯಾಟು ಹಿಡಿದು ನಿಂತುದಿಲ್ಲ. ನಿಲ್ಲಬೇಡವೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ನಿಲ್ಲಬಹುದೆಂದೂ ಯಾರೂ ಹೇಳಿರಲಿಲ್ಲ. ವರ್ಗವಾಗಿ ಹೊರಟ ಅಧಿಕಾರಿಯೊಬ್ಬರು ಈ ಹಳೆಯ ಬ್ಯಾಟನ್ನು ಕೊಟ್ಟು ಹೋದರು. ಅದನ್ನು ಊರಿಗೆ ತಂದಾಗ ತಾಯಿ ಒಂದೇ ಪ್ರಶ್ನೆ ಕೇಳಿದ್ದರು: ಈ ತಂತಿ ಯಾವುದರದು? ಪ್ರಾಣಿಯ ಕರುಳಿನದೆಂದು ಹುಡುಗ ನಿಜ ಹೇಳಿಬಿಟ್ಟನು. ಬ್ಯಾಟಿಗೆ ಮನೆಯೊಳಗೆ ಪ್ರವೇಶ ತಪ್ಪಿ ಹಟ್ಟಿಯ ಅಟ್ಟದಲ್ಲಿ ವಾಸವಾಯಿತು. ಹೀಗೆ ಕ್ಲಬ್ಬಿನಲ್ಲಿ ಹುಡುಗನಿಗೆ ಅಂಕಣವಿರಲಿಲ್ಲ, ಮನೆಯಲ್ಲಿ ಬ್ಯಾಟಿಗೆ ಜಾಗವಿರಲಿಲ್ಲ. ಎರಡು ಕಡೆಯ ಮಡಿಯೂ ಸೇರಿ ಒಂದು ಆಟವನ್ನು ನಲವತ್ತು ವರ್ಷ ಅಟ್ಟದಲ್ಲಿಟ್ಟಿತು.

ಮೊಮ್ಮಗನ ಹಟದಿಂದ ಕೊನೆಗೆ ಅಂಗಡಿಯ ಅಗ್ಗದ ಎರಡು ಬ್ಯಾಟುಗಳೂ ಪ್ಲಾಸ್ಟಿಕ್ಕಿನ ಒಂದು ಶಟಲೂ ಬಂದವು. ನೆರೆಯವರೊಬ್ಬರು ಮೀನಿನ ಹಳೆಯ ಬಲೆಯ ತುಂಡೊಂದನ್ನು ಕೊಟ್ಟರು. ಅಂಗಳದ ಎರಡು ಕಂಗುಗಳಿಗೆ ಅದನ್ನು ಕಟ್ಟಲಾಯಿತು. ಆಡಲು ಜೊತೆ ಬೇಕಲ್ಲ? ಐವತ್ತು ದಾಟಿದ ಅಜ್ಜಯ್ಯ ಪಂಚೆಯನ್ನು ಎತ್ತಿ ಕಟ್ಟಿ ಬಲೆಯ ಆಚೆ ನಿಂತರು. ಮೊದಲ ಹೊಡೆತ ಗಾಳಿಗೆ ಸಿಕ್ಕಿ ದಾಸವಾಳದ ಗಿಡದಾಚೆ ಬಿದ್ದಿತು. ಬಿದ್ದ ಕ್ಷಣದಲ್ಲೇ ಅಜ್ಜಯ್ಯ, ಯಾರೋ ಕೂಗಿ ಹೇಳಿದವರಂತೆ, ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿ ಅತ್ತ ಓಡಿದರು. ಹುಡುಗ ಅವರಿಗಿಂತ ಮೊದಲೇ ಬಲೆಯ ಅಡಿಯಿಂದ ನುಸುಳಿ ಬಂದು, “ನೀವ್ ಇರಿ ಅಜ್ಜಯ್ಯ, ನಾನ್ ಹೆಕ್ತೆ” ಎಂದನು. ಅವರು ನಿಂತರು. ಆ ಮನೆಯ ಮಟ್ಟಿಗೆ ಸಾಮ್ರಾಜ್ಯ ಕೊನೆಗೊಂಡದ್ದು ಅಂದಿನ ಸಂಜೆಯೆಂದರೆ ತಪ್ಪಾಗದು.

ಆ ಹುಡುಗನನ್ನು ಅಟ್ಟಕ್ಕೆ ಹತ್ತಿಸಿದ 1980ರ ಗೆಲುವಿನ ಹಿಂದೆಯೂ ಕ್ಲಬ್ಬಿನ ಹುಲ್ಲುಹಾಸು ಇರಲಿಲ್ಲವೆಂಬುದು ಗಮನಿಸಬೇಕಾದ ಸಂಗತಿ. ಚಿತ್ರಾಪುರ ಸಾರಸ್ವತರು ತಮ್ಮ ಊರಿನ ಹೆಸರನ್ನೇ ಮನೆತನದ ಹೆಸರಾಗಿ ಇಟ್ಟುಕೊಂಡು, ವಿದ್ಯೆ ಉದ್ಯೋಗಗಳಿಗಾಗಿ ಕರಾವಳಿಯನ್ನು ಬಿಟ್ಟು ಮುಂಬಯಿ ಬೆಂಗಳೂರುಗಳಿಗೆ ಹೋದವರು. ಪ್ರಕಾಶ್ ಪಡುಕೋಣೆಯವರು ಹುಟ್ಟಿದ್ದು 1955ರಲ್ಲಿ, ಬೆಂಗಳೂರಿನಲ್ಲಿ. ತಂದೆ ರಮೇಶ್ ಪಡುಕೋಣೆಯವರು ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಗಳಾಗಿ ಬಹುಕಾಲ ದುಡಿದವರು. ಮಲ್ಲೇಶ್ವರದಲ್ಲಿ ಕರಾವಳಿಯವರ ಕೆನರಾ ಯೂನಿಯನ್ ಇತ್ತು. ಅದರ ಸಭಾಂಗಣದಲ್ಲಿ ಮದುವೆಗಳು ನಡೆಯುತ್ತಿದ್ದವು. ಆ ಮದುವೆಯ ಸಭಾಂಗಣವೇ ಪ್ರಕಾಶರ ಅಂಕಣ. ಶಾಲೆ ಬಿಟ್ಟೊಡನೆ ಹುಡುಗರ ಮೊದಲ ಚಿಂತೆ, ಇಂದು ಅಲ್ಲಿ ಮದುವೆಯಿದೆಯೋ ಇಲ್ಲವೋ ಎಂಬುದು. ವಾಲಗ ಕೇಳಿಸಿದರೆ ಆಟವಿಲ್ಲ, ಕೇಳಿಸದಿದ್ದರೆ ಓಟ. ಲಗ್ನದ ಋತುವಿನಲ್ಲಿ ಊರಿಗೆಲ್ಲ ಸಂಭ್ರಮವಾದರೆ ಆ ಹುಡುಗರಿಗೆ ಸೂತಕ.

1962ರಲ್ಲಿ, ಏಳು ವರ್ಷದವರಾಗಿದ್ದಾಗ, ರಾಜ್ಯದ ಕಿರಿಯರ ಪಂದ್ಯಾವಳಿಯಲ್ಲಿ ಪ್ರಕಾಶ್ ಮೊದಲ ಸುತ್ತಿನಲ್ಲೇ ಸೋತರು. ಎರಡು ವರ್ಷಗಳ ತರುವಾಯ ಅದೇ ಪ್ರಶಸ್ತಿ ಅವರದಾಯಿತು. 1971ರಲ್ಲಿ ಹದಿನಾರರ ವಯಸ್ಸಿನಲ್ಲಿ ಕಿರಿಯರ, ಹಿರಿಯರ ಎರಡೂ ರಾಷ್ಟ್ರೀಯ ಪ್ರಶಸ್ತಿಗಳನ್ನು ಒಂದೇ ವರ್ಷ ಗೆದ್ದರು. ಹಿರಿಯರ ಪ್ರಶಸ್ತಿಯನ್ನು 1979ರವರೆಗೆ ಒಂಬತ್ತು ವರ್ಷ ಬಿಟ್ಟುಕೊಡಲಿಲ್ಲ. 1980ರಲ್ಲಿ ಇಂಡೋನೇಷ್ಯದ ಲಿಯೆಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿ ಆಲ್ ಇಂಗ್ಲೆಂಡ್ ಗೆದ್ದ ಮೊದಲ ಭಾರತೀಯರೆನಿಸಿದರು. ಪುಣೆಯ ದಂಡಿನಿಂದ ಹೊರಟ ಆಟವನ್ನು ಪಡುಕೋಣೆಯ ಹೆಸರಿನವರೊಬ್ಬರು ಇಂಗ್ಲೆಂಡಿಗೇ ಹೋಗಿ ಗೆದ್ದು ತಂದರು. ಇಂದು ಆ ಹೆಸರನ್ನು ಹೆಚ್ಚು ಮಂದಿ ಚಿತ್ರಪಟದ ತೆರೆಯ ಮೇಲೆ, ಅವರ ಮಗಳ ಹೆಸರಿನೊಡನೆ ಓದುತ್ತಾರೆ. ಊರಿಗೆ ಅದೂ ಸಂತೋಷವೇ.

ಟೆನಿಸಿನಲ್ಲಿಯೂ ಇಂಥ ಘಟನೆಗಳಿಲ್ಲದೆ ಇಲ್ಲ. 1921ರಲ್ಲೇ ಭಾರತದ ತಂಡ ಡೇವಿಸ್ ಕಪ್ಪಿನಲ್ಲಿ ಫ್ರಾನ್ಸನ್ನು ಸೋಲಿಸಿತ್ತು. ತಮಿಳುನಾಡಿನ ರಾಮನಾಥನ್ ಕೃಷ್ಣನ್ ತಂದೆಯಿಂದಲೇ ಆಟ ಕಲಿತು 1960ರಲ್ಲಿ, ಮತ್ತೆ 1961ರಲ್ಲಿ ವಿಂಬಲ್ಡನ್ನಿನ ಉಪಾಂತ್ಯವನ್ನು ಮುಟ್ಟಿದರು. 1966ರಲ್ಲಿ ಭಾರತ ಡೇವಿಸ್ ಕಪ್ಪಿನ ಅಂತಿಮ ಸುತ್ತಿಗೇ ಏರಿ, ಮೆಲ್ಬೋರ್ನಿನಲ್ಲಿ ಆಸ್ಟ್ರೇಲಿಯಕ್ಕೆ ಸೋತಿತು. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ, ನಲವತ್ತಮೂರರ ವಯಸ್ಸಿನಲ್ಲಿ, ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡನ್‌ರ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಪುರುಷರ ಜೋಡಿ ಪ್ರಶಸ್ತಿಯನ್ನು ಗೆದ್ದರು. ಉಳಿದವರು ಮೊಣಕಾಲು ನೋವಿನ ಎಣ್ಣೆ ಹುಡುಕುವ ವಯಸ್ಸದು.

ಹೀಗೆ ದೊರೆಗಳ ಆಟ ದೊರೆಗಳಿಂದ ಬಿಡುಗಡೆಯಾಯಿತು. ಅದನ್ನು ಆಡುವುದು ಪರಾನುಕರಣೆಯೆಂದು ಗೊಣಗುವವರಿಗೆ ಹೇಳಬೇಕಾದ ಮಾತು ಇಷ್ಟೆ: ಆಟ ಎಲ್ಲಿ ಹುಟ್ಟಿತೆಂಬುದಕ್ಕಿಂತ ಯಾವ ನೆಲದ ಮೇಲೆ ನಿಂತು ಆಡುತ್ತಾರೆಂಬುದು ದೊಡ್ಡದು. ಸಗಣಿ ಸಾರಿಸಿದ ಅಂಗಳದಲ್ಲಿ, ಕೊಯ್ಲಾದ ಗದ್ದೆಯಲ್ಲಿ, ಮದುವೆಯ ಮನೆಯಲ್ಲಿ ಕಾಲೂರಿದ ಆಟ ಪರಕೀಯವಾಗಿ ಉಳಿಯಲಾರದು. ಮೆಣಸಿನಕಾಯಿಯೂ ಗೇರುಬೀಜವೂ ಹೊರಗಿನಿಂದ ಬಂದವೇ. ಇಂದು ಅವನ್ನು ಬಿಟ್ಟು ಕರಾವಳಿಯ ಅಡುಗೆಯನ್ನು ಊಹಿಸುವವರಾರು?

ಆದರೆ ಬೇಲಿಯ ಕತೆ ಮುಗಿಯಿತೆಂದು ತೃಪ್ತರಾಗುವಂತಿಲ್ಲ. ಬ್ರಹ್ಮಾವರ ಇಂದು ತಾಲ್ಲೂಕಿನ ಕೇಂದ್ರ. ಅದರ ಮಗ್ಗುಲಲ್ಲೇ ರಾಷ್ಟ್ರೀಯ ಹೆದ್ದಾರಿ ಹರಿಯುತ್ತದೆ. ಮಣ್ಣಿನ ಅಂಗಳಗಳ ಮೇಲೆ ಸಿಮೆಂಟಿನ ಹೆಂಚು ಬಿದ್ದಿದೆ. ಗದ್ದೆಗಳು ಮನೆ ನಿವೇಶನಗಳಾಗುತ್ತಿವೆ. ಕರಾವಳಿಯ ಪಟ್ಟಣಗಳಲ್ಲಿ ತಗಡಿನ ಮಾಡಿನ ಕೆಳಗೆ ದೀಪ ಬೆಳಗುವ ಶಟಲ್ ಅಂಕಣಗಳು ಎದ್ದಿವೆ. ಗಾಳಿಯ ಕಾಟವಿಲ್ಲ, ಮಳೆಯ ಅಂಜಿಕೆಯಿಲ್ಲ; ಗಂಟೆಗಿಷ್ಟೆಂದು ಹಣ ಕೊಟ್ಟರೆ ಆಷಾಢದಲ್ಲೂ ಆಡಬಹುದು. ಮಕ್ಕಳನ್ನು ಅಲ್ಲಿಗೆ ಕಳುಹಿಸುವ ತಂದೆತಾಯಿಗಳು ಒಳ್ಳೆಯದನ್ನೇ ಮಾಡುತ್ತಿದ್ದಾರೆ. ಆದರೂ ಹಿಂದೆ ಯಾರಾದರೂ ನಿಂತು ನೋಡಬಹುದಾಗಿದ್ದ ಬೇಲಿಯ ಬದಲು ಈಗ ಗೋಡೆಯೇ ಬಂದಿದೆ. ಗೋಡೆಗೆ ಸಂದಿಯೂ ಇಲ್ಲ.

ಆ ಅಂಕಣಗಳನ್ನು ದಿನಕ್ಕೆರಡು ಬಾರಿ ಗುಡಿಸುವವರಿದ್ದಾರೆ, ಬಾಗಿಲು ಕಾಯುವವರಿದ್ದಾರೆ. ಅವರಿಗೂ ಮಕ್ಕಳಿದ್ದಾರೆ. ಶಾಲೆ ಬಿಟ್ಟು ಬಂದು ಗೋಡೆಯ ಬದಿಯಲ್ಲಿ ಕುಳಿತು, ಬ್ಯಾಟಿಗೆ ಶಟಲು ತಗಲುವ ಸದ್ದಿನಿಂದಲೇ ಹೊಡೆತ ಸರಿಯೋ ತಪ್ಪೋ ಎಂದು ಹೇಳಬಲ್ಲವರು ಅವರಲ್ಲಿ ಇದ್ದಾರು. ಅವರಿಗೆ ಯಾರೂ ಬೇಡವೆನ್ನುವುದಿಲ್ಲ. ಬಾ ಎನ್ನುವವರೂ ಇಲ್ಲ. ಮನೆಯ ಮಕ್ಕಳು ಆಡಿ ಮುಗಿಸಿದ ಮೇಲೆ ಉಳಿದ ಕಾಲು ಗಂಟೆಯಲ್ಲಿ, ಹಳೆಯದಾದ ಒಂದು ಬ್ಯಾಟನ್ನು ಆ ಹುಡುಗನ ಕೈಗೋ ಹುಡುಗಿಯ ಕೈಗೋ ಕೊಟ್ಟು, “ಬಾ ಮಗಾ, ಆಚೆ ಬದಿಗೆ ನಿಲ್ಲು” ಎನ್ನಲು ಹೆಚ್ಚಿನ ಖರ್ಚೇನೂ ಇಲ್ಲ. ಬಲೆಯ ಆಚೆ ಒಬ್ಬರು ನಿಲ್ಲದೆ ಈ ಆಟವನ್ನು ಯಾರೂ ಆಡಲಾರರಷ್ಟೆ.